ಸುಡುವುದಕ್ಕೆ ಅವಸರ ಬೇಡ, ತಮಾ

ತಮಾ, ನಿನ್ನ ಪಾಸ್‌ಪೋರ್ಟ್ ಬಂತಂತೆ. ನೀನು ಹೇಳುವ ಮೊದಲೇ ಪೋಸ್ಟ್‌ಮ್ಯಾನ್ ಹೇಳಿದ. ಕತಗಾಲದಲ್ಲಿ ಗುಟ್ಟು ನಿಲ್ಲುವುದು ಚಂಡಿಕಾ ಹೊಳೆ ರಸ್ತೆಗೆ ಬಂದು ಬಸ್ಸು ನಿಂತ ದಿವಸ ಮಾತ್ರ. ಐದು ಜನ ಗೆಳೆಯರು ಕೂಡಿ ಥೈಲ್ಯಾಂಡಿಗೆ ಹೊರಟಿದ್ದೀರಿ ಅಂತಲೂ ಗೊತ್ತಾಯಿತು. ಹೋಗು. ಬೇಡ ಎನ್ನುವ ಅಜ್ಜ ನಾನಲ್ಲ. ಭಟ್ಕಳದವರು ದುಬೈಯನ್ನು ಮಗ್ಗುಲ ಪೇಟೆ ಮಾಡಿಕೊಂಡು ಕಾಲವಾಯಿತು. ಹೊನ್ನಾವರ, ಕುಮಟೆಯ ಹುಡುಗರು ಹೋಗದ ದೇಶ ಯಾವುದಿದೆ? ಆದರೆ ನೀನು ಮಾತು ಮುಗಿಯುವ ಮೊದಲೇ ಬೈಕಿಗೆ ಕಿಕ್ ಹೊಡೆಯುವವನು. ಅದಕ್ಕೇ ಇವತ್ತು ಕೂರಿಸಿಕೊಂಡಿದ್ದೇನೆ. ಅಪಶಕುನ ನುಡಿಯುತ್ತಾನೆ ಮುದುಕ ಎಂದು ಮೂತಿ ತಿರುಗಿಸಬೇಡ. ಹೊಳೆಗೆ ಇಳಿಯುವವನಿಗೆ ಸುಳಿ ಎಲ್ಲಿದೆ ಅಂತ ಹೇಳಿದರೆ ಅದು ಅಪಶಕುನವಲ್ಲ.

ಒಂದು ಸುಳಿಯ ಕತೆ ಕೇಳು. ಅಮೆರಿಕದ ಷಾರ್ಲಟ್ ಊರಿನ ಒಬ್ಬ ಹುಡುಗಿ, ಶಾಂಕ್ವೆಲ್ಲಾ ರಾಬಿನ್ಸನ್, ವಯಸ್ಸು 25. 2022ರ ಅಕ್ಟೋಬರಿನಲ್ಲಿ ಪರಿಚಯದವರ ಜೊತೆ ಮೆಕ್ಸಿಕೋದ ಕಡಲತೀರಕ್ಕೆ ಹೋದಳು. ಮಾರನೇ ದಿನ ತೀರಿಕೊಂಡಳು. ಕುಡಿದದ್ದು ಹೆಚ್ಚಾಗಿ ವಿಷವಾಯಿತು ಎಂದು ಜೊತೆಗಿದ್ದವರು ತಾಯಿಗೆ ಹೇಳಿದರು. ತಾವು ಊರಿಗೆ ಮರಳಿದರು, ಅವಳ ಬ್ಯಾಗನ್ನು ತಂದು ತಾಯಿಯ ಕೈಗೂ ಕೊಟ್ಟರು. ಎಂಥಾ ಒಳ್ಳೆಯ ಮಕ್ಕಳು ಅನ್ನಿಸುತ್ತದಲ್ಲ? ಆದರೆ ಮೆಕ್ಸಿಕೋದ ಮರಣಪತ್ರದಲ್ಲಿ ಬರೆದದ್ದು ಬೇರೆ: ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟು. ಸ್ವಲ್ಪ ದಿನಕ್ಕೆ ಒಂದು ವಿಡಿಯೋ ಹೊರಬಿತ್ತು. ಅದರಲ್ಲಿ ಒಬ್ಬಳು ಅವಳನ್ನು ಬಡಿಯುತ್ತಿದ್ದಾಳೆ, ಅವಳು ತಿರುಗಿ ಕೈ ಎತ್ತುತ್ತಿಲ್ಲ, ಬಿಡಿಸಬೇಕಾದವರು ಮೊಬೈಲು ಹಿಡಿದು ನಿಂತಿದ್ದಾರೆ.

ಮೆಕ್ಸಿಕೋ ಜೊತೆಗಿದ್ದವರಲ್ಲಿ ಒಬ್ಬರ ಮೇಲೆ ಬಂಧನದ ವಾರಂಟು ಹೊರಡಿಸಿತು. ಅಮೆರಿಕದ ಸರ್ಕಾರಿ ವಕೀಲರು 2023ರ ಏಪ್ರಿಲಿನಲ್ಲಿ, ಕೇಸು ಹಾಕುವಷ್ಟು ಸಾಕ್ಷಿ ಇಲ್ಲ ಎಂದರು. ಅಮೆರಿಕದಲ್ಲಿ ನಡೆದ ಶವಪರೀಕ್ಷೆಯಲ್ಲಿ ಬೆನ್ನುಹುರಿಯ ಗಾಯ ಕಾಣಲಿಲ್ಲವಂತೆ. ಸತ್ತವಳು ಒಬ್ಬಳೇ, ಕಾಗದ ಎರಡು. ಎರಡು ದೇಶಗಳ ನಡುವೆ ಸಾವು ಬಿದ್ದರೆ ಆಗುವ ಪಾಡು ಇದು.

ದೂರದ ಅಮೆರಿಕ ನನಗೇಕೆ ಎನ್ನುತ್ತೀಯಾ? ಸರಿ, ಹತ್ತಿರದ್ದೇ ಹೇಳುತ್ತೇನೆ. ಗೋಕರ್ಣ ನಿನ್ನ ಸ್ವಂತ ತಾಲ್ಲೂಕು. 2008ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಒಬ್ಬ ತಾಯಿ ಅಲ್ಲಿಗೆ ಬಂದಿದ್ದಳು. 15 ವರ್ಷದ ಮಗಳನ್ನು ಗೋವಾದ ಅಂಜುನಾದಲ್ಲಿ ಪರಿಚಯದವರ ಮನೆಯಲ್ಲಿ ಬಿಟ್ಟಿದ್ದಳು. ಫೆಬ್ರುವರಿ 18ರ ಬೆಳಿಗ್ಗೆ ಆ ಹುಡುಗಿಯ ಹೆಣ ದಂಡೆಯಲ್ಲಿ ಸಿಕ್ಕಿತು. ಇಂಥ ಪ್ರಕರಣದಲ್ಲಿ ಹೆಸರು ಹೇಳಬಾರದೆಂಬುದು ಕಾನೂನು, ನಾನೂ ಹೇಳುವುದಿಲ್ಲ. ನೀರಿನಲ್ಲಿ ಮುಳುಗಿ ಸತ್ತಳು ಎಂದು ಪೊಲೀಸರು ಮುಗಿಸಲು ನೋಡಿದರು. ತಾಯಿ ಒಪ್ಪಲಿಲ್ಲ. ಮತ್ತೊಮ್ಮೆ ಶವಪರೀಕ್ಷೆ ಆಗಲೇಬೇಕು ಎಂದು ಹಟ ಹಿಡಿದಳು. ಎರಡನೆಯ ಪರೀಕ್ಷೆಯಲ್ಲಿ ಮೈಮೇಲೆಲ್ಲ ಗಾಯ ಕಂಡಿತು. ಹಿಂದಿನ ರಾತ್ರಿ ದಂಡೆಯ ಗುಡಿಸಲು ಹೋಟೆಲಿನಲ್ಲಿ ಅವಳ ಜೊತೆಗಿದ್ದವರ ವಿಚಾರ ಆಮೇಲೆ ಹೊರಬಂತು. ಕೇಸು ಸಿಬಿಐಗೆ ಹೋಯಿತು.

ನಮ್ಮ ಜನ ಏನು ಮಾಡಿದರು ಗೊತ್ತೇ? ಕೊಂದವರನ್ನು ಬಿಟ್ಟು ತಾಯಿಯನ್ನು ಹಿಡಿದುಕೊಂಡರು. ಇವಳೆಂಥಾ ತಾಯಿ, ಮಗಳನ್ನು ಅಲ್ಲಿ ಬಿಟ್ಟು ಊರು ಸುತ್ತಲು ಹೋದವಳು ಅಂತ. ಬಿಟ್ಟದ್ದು ಸರಿಯೋ ತಪ್ಪೋ, ಅದನ್ನು ಅವಳು ಜೀವಮಾನವಿಡೀ ತಾನೇ ಕೇಳಿಕೊಳ್ಳುತ್ತಾಳೆ. ಅಂಗಡಿ ಕಟ್ಟೆಯ ಮೇಲೆ ಕೂತವರು ಕೇಳಬೇಕಾಗಿಲ್ಲ. 2016ರಲ್ಲಿ ಕೆಳಗಿನ ನ್ಯಾಯಾಲಯ ಇಬ್ಬರು ಆರೋಪಿಗಳನ್ನೂ ಬಿಟ್ಟಿತು. ಎಂಟು ವರ್ಷದ ಓಡಾಟ ಒಂದೇ ಮಧ್ಯಾಹ್ನ ನೀರುಪಾಲು. ನೀನಾಗಿದ್ದರೆ ‘ಸಿಸ್ಟಮ್ಮೇ ಸರಿ ಇಲ್ಲ’ ಅಂತ ಸ್ಟೇಟಸ್ ಹಾಕಿ ಮಲಗುತ್ತಿದ್ದೆ. ಕೇಸು ಮೇಲಕ್ಕೆ ಹೋಯಿತು. 2019ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಇಬ್ಬರಲ್ಲಿ ಒಬ್ಬನನ್ನು ದೋಷಿ ಎಂದು ಹತ್ತು ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಇನ್ನೊಬ್ಬ ಬಿಡುಗಡೆಯಾದ. ಅರ್ಧ ನ್ಯಾಯ ಎನ್ನು. ಆದರೆ ಮೊದಲ ದಿನವೇ ‘ಮುಳುಗಿ ಸತ್ತಳು’ ಎಂಬ ಕಾಗದಕ್ಕೆ ತಾಯಿ ತಲೆ ಆಡಿಸಿದ್ದರೆ ಆ ಅರ್ಧವೂ ಇಲ್ಲ.

ಇನ್ನೊಂದು, ಕಾರವಾರ ದಾಟಿ ಗಡಿ ಹಾಯ್ದರೆ ಸಿಗುವ ಕಾಣಕೋಣದ್ದು. 2017ರ ಮಾರ್ಚ್, ಹೋಳಿ ಹಬ್ಬ. ಐರ್ಲೆಂಡಿನ 28 ವರ್ಷದ ಯುವತಿ, ಗೋವಾಕ್ಕೆ ಹಿಂದೆಯೂ ಬಂದು ಸ್ನೇಹ ಮಾಡಿಕೊಂಡವಳು. ಗೆಳೆಯನಂತೆ ನಡೆದುಕೊಂಡ ಸ್ಥಳೀಯನೊಬ್ಬನೇ ಕೊಂದ. 14ರ ಬೆಳಿಗ್ಗೆ ಗದ್ದೆಯಲ್ಲಿ ಹೆಣ. ಆರೋಪಿ ಬೇಗ ಸಿಕ್ಕಿದ. ಹಾಗಿದ್ದೂ ಮಡಗಾಂವ್ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟದ್ದು 2025ರ ಫೆಬ್ರುವರಿ 17ಕ್ಕೆ. ಹತ್ತಿರ ಹತ್ತಿರ ಎಂಟು ವರ್ಷ ಒಂದು ಕುಟುಂಬ ಸಮುದ್ರದಾಚೆ ಕೂತು ತಾರೀಕಿನ ಮೇಲೆ ತಾರೀಕು ಎಣಿಸಿತು.

ಬಂಟ್ವಾಳ ತಾಲ್ಲೂಕಿನ ಅಮ್ಟೂರಿನ ಪ್ರಭಾ ಅರುಣ್ ಕುಮಾರ್ ಮನೆಯವರಿಗೆ ಅಷ್ಟೂ ಸಿಗಲಿಲ್ಲ. 2015ರ ಮಾರ್ಚ್ 7ರ ರಾತ್ರಿ ಸಿಡ್ನಿಯಲ್ಲಿ ಕೆಲಸ ಮುಗಿಸಿ ಪಾರ್ಕಿನ ಹಾದಿಯಲ್ಲಿ ಮನೆಗೆ ನಡೆಯುತ್ತ, ಭಾರತದಲ್ಲಿದ್ದ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಅವಳನ್ನು ಇರಿದು ಕೊಂದರು. ಜೊತೆಯವರೋ, ಪರಿಚಯದವರೋ, ದಾರಿಹೋಕರೋ ತಿಳಿಯಲಿಲ್ಲ. ವರ್ಷಗಳು ಕಳೆದ ಮೇಲೆ ಅಲ್ಲಿನ ಪೊಲೀಸರು ಸುಳಿವು ಕೊಟ್ಟವರಿಗೆ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ಬಹುಮಾನ ಎಂದರು. ಅಷ್ಟು ದುಡ್ಡು ಇಡಬೇಕಾಯಿತು ಎಂದರೇ ಕೈಯಲ್ಲಿ ಏನೂ ಇರಲಿಲ್ಲ ಎಂದರ್ಥ.

ಇಷ್ಟೆಲ್ಲ ಹೇಳಿದ್ದು ನಿನ್ನ ಊಟ ಕೆಡಿಸಲಿಕ್ಕಲ್ಲ. ದೂರದಲ್ಲಿ ನಮ್ಮವರು ಸತ್ತಾಗ ಎಲ್ಲರೂ ಒಂದೇ ಮಾಡುತ್ತಾರೆ: ಬೇಗ ತರಿಸಿ, ಬೇಗ ಸುಟ್ಟು, ಬೇಗ ಮುಗಿಸಿಬಿಡೋಣ. ದುಃಖಕ್ಕೆ ಅವಸರ ಜಾಸ್ತಿ. ಕೊಂದವನಿಗೆ ಬೇಕಾದದ್ದೂ ಅದೇ. ಅಲ್ಲಿ ಶವ ಕೆಡದಂತೆ ಔಷಧ ತುಂಬಿ ಪೆಟ್ಟಿಗೆಗೆ ಹಾಕುತ್ತಾರೆ. ಒಮ್ಮೆ ಅದು ತುಂಬಿದ ಮೇಲೆ ಕುಡಿದಿದ್ದನೋ, ವಿಷ ಹಾಕಿದ್ದರೋ ಎಂದು ತಿಳಿಯುವುದು ಕಷ್ಟ. ಅದಕ್ಕೇ ರಕ್ತದ ಪರೀಕ್ಷೆ ಅದಕ್ಕೂ ಮೊದಲೇ ಆಗಬೇಕೆಂದು ಅಲ್ಲಿನ ರಾಯಭಾರ ಕಚೇರಿಗೆ ಬರೆದು ಕೇಳಬೇಕು. ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲಿನಲ್ಲಿ ದೂರು ಹಾಕಿದರೆ ನಂಬರು ಸಿಗುತ್ತದೆ, ಬಾಯಿಮಾತಿಗೆ ನಂಬರಿಲ್ಲ. ಪೆಟ್ಟಿಗೆ ದಾಬೋಲಿಮ್ಮಿಗೋ ಮಂಗಳೂರಿಗೋ ಬಂದು, ಆಂಬ್ಯುಲೆನ್ಸು ಕುಮಟೆ ದಾಟಿ ಮನೆ ಅಂಗಳಕ್ಕೆ ಬಂದ ಮೇಲೂ ತಡವಾಗಿಲ್ಲ. ಸಂಶಯ ಇದ್ದರೆ ಪೊಲೀಸ್ ಠಾಣೆಗೆ ಹೋಗಿ ಅಸ್ವಾಭಾವಿಕ ಸಾವು ಎಂದು ದಾಖಲು ಮಾಡಿಸಿ ಇಲ್ಲೇ ಇನ್ನೊಂದು ಶವಪರೀಕ್ಷೆ ಕೇಳಬಹುದು. ನೆಂಟರೆಲ್ಲ ಬಂದಿದ್ದಾರೆ, ಭಟ್ಟರು ಕಾಯುತ್ತಿದ್ದಾರೆ, ಹೊತ್ತು ಮೀರುತ್ತಿದೆ ಎಂದು ಹತ್ತು ಜನ ಕಿವಿ ಕಚ್ಚುತ್ತಾರೆ. ಕಚ್ಚಲಿ. ಸುಟ್ಟ ಮೇಲೆ ಯಾವ ಡಾಕ್ಟರೂ ಏನೂ ಹೇಳಲಾರ.

ಇನ್ನು ಕಾನೂನು. ನೀನು ಕಾನೂನು ಎಂದರೆ ಹೆಲ್ಮೆಟ್ ದಂಡ ಎಂದುಕೊಂಡವನು, ಅದಕ್ಕೇ ಸ್ವಲ್ಪದರಲ್ಲೇ ಹೇಳುತ್ತೇನೆ. ನಮ್ಮ ದೇಶದವನೇ ಹೊರದೇಶದಲ್ಲಿ ಯಾರನ್ನಾದರೂ ಕೊಂದರೆ ಇಲ್ಲಿಯೂ ಅವನ ವಿಚಾರಣೆ ನಡೆಸಬಹುದು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 188ನೇ ಕಲಮು ಇತ್ತು. 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 208. ಕೇಂದ್ರ ಸರ್ಕಾರದ ಅನುಮತಿ ಬೇಕು. ‘ದಿಲ್ಲಿಯಿಂದ ಪರ್ಮಿಷನ್ ತನ್ನಿ, ಆಮೇಲೆ ನೋಡೋಣ’ ಎಂದು ಠಾಣೆಯಲ್ಲಿ ಯಾರಾದರೂ ವಾಪಸು ಕಳಿಸಿದರೆ, ತೋಟ ವೆಂಕಟೇಶ್ವರಲು ಪ್ರಕರಣ ಎಂದು ಹೇಳು. 2011ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಹೇಳಿದ್ದು, ಅನುಮತಿ ಬೇಕಾದದ್ದು ಕೋರ್ಟಿನ ವಿಚಾರಣೆಗೆ; ಪೊಲೀಸರು ತನಿಖೆ ಶುರು ಮಾಡಲಿಕ್ಕಲ್ಲ. ಕೊಂದವನು ಅಲ್ಲಿಯ ದೇಶದವನಾದರೆ ಅಲ್ಲಿಯ ಕೋರ್ಟೇ ಗತಿ, ಅಲ್ಲಿಯ ವಕೀಲನೇ ಗತಿ. ಸೌದಿಯಂಥ ಕಡೆ ಕೊಲೆಯಾದವನ ವಾರಸುದಾರರೇ ಶಿಕ್ಷೆ ಬೇಕೋ, ರಕ್ತಪರಿಹಾರ ತೆಗೆದುಕೊಂಡು ಕ್ಷಮಿಸುತ್ತಾರೋ ಎಂದು ತೀರ್ಮಾನಿಸುವ ಪದ್ಧತಿ ಉಂಟು. ಹಾಗಾಗಿ ಅಳುತ್ತಿರುವ ಹೆಂಗಸಿನ ಮುಂದೆ ಯಾರೋ ಅರಬ್ಬಿ ಕಾಗದ ಹಿಡಿದು ‘ಇಲ್ಲೊಂದು ಸಹಿ’ ಎಂದರೆ ಪೆನ್ನು ಕಸಿದಿಟ್ಟುಕೋ. ಅನುವಾದ ಆಗಲಿ, ಆಮೇಲೆ ಸಹಿ.

ಅವಸರ ಇನ್ನೊಂದು ಬಗೆಯದೂ ಇದೆ, ನಿನಗೆ ಹೆಚ್ಚು ಇಷ್ಟವಾದದ್ದು. ವಾಟ್ಸಾಪಿನಲ್ಲಿ ಗಲ್ಲಿಗೇರಿಸುವುದು. ಅಸ್ಸಾಮಿನ ಹಾಡುಗಾರ ಜುಬೀನ್ ಗರ್ಗ್ 2025ರ ಸೆಪ್ಟೆಂಬರ್ 19ರಂದು ಸಿಂಗಾಪುರದಲ್ಲಿ ಸಮುದ್ರದಲ್ಲಿ ಈಜುವಾಗ ತೀರಿಕೊಂಡ. ಅಸ್ಸಾಮಿನ ತನಿಖಾ ತಂಡ ಜೊತೆಗಿದ್ದ ಕೆಲವರನ್ನು ಬಂಧಿಸಿ ಕೊಲೆಯ ಆರೋಪವನ್ನೇ ಹೊರಿಸಿತು. ಸಿಂಗಾಪುರದ ಪೊಲೀಸರು ಸಂಚಿನ ಸುಳಿವು ಕಾಣುತ್ತಿಲ್ಲ ಎಂದರು. ಯಾರು ಸರಿ ಎಂದು ಕೋರ್ಟು ಹೇಳಬೇಕು. ಆದರೆ ಜನರಿಗೆ ಮೂರನೇ ದಿನಕ್ಕೇ ಎಲ್ಲ ಗೊತ್ತಾಗಿಬಿಟ್ಟಿತ್ತು. ತಪ್ಪು ಮನುಷ್ಯನ ಹೆಸರಿಗೆ ಮಸಿ ಬಳಿದರೆ ನಿಜವಾದವನು ಹಿಂದಿನ ಬಾಗಿಲಿಂದ ಹೋಗುತ್ತಾನೆ. ಆಮೇಲೆ ಅವನ ವಕೀಲ ಬಂದು ‘ಮೊದಲು ಬೇರೆಯವರನ್ನು ಹೇಳಿದ್ದಿರಲ್ಲ’ ಎಂದು ನಿನ್ನದೇ ಪೋಸ್ಟು ತೋರಿಸುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ. ಕೂಗಬೇಕಾದಲ್ಲಿ ಕೂಗು: ಕಾಗದ ಕೊಡದ ಕಚೇರಿಯ ಮುಂದೆ, ಉತ್ತರ ಬರೆಯದ ಅಧಿಕಾರಿಯ ಮುಂದೆ, ಸಂಸದರ ಮುಂದೆ. ಯಾರ ಮನೆಯ ಮುಂದೆಯೂ ಅಲ್ಲ.

ಈಗ ನಿನ್ನ ಆ ನಾಲ್ಕು ಜನ ಗೆಳೆಯರ ವಿಚಾರಕ್ಕೆ ಬರೋಣ. ನೀನು ಇಷ್ಟು ಹೊತ್ತೂ ಅದನ್ನೇ ಕಾಯುತ್ತಿದ್ದೆ, ಮುಖ ನೋಡಿದರೇ ಗೊತ್ತಾಗುತ್ತದೆ. ಅವರೆಲ್ಲ ಚಿನ್ನದಂಥವರು, ಒಪ್ಪಿದೆ. ಥೈಲ್ಯಾಂಡಿಗೆ ಮೊದಲು ಅವರನ್ನು ಯಾಣಕ್ಕೆ ಕರೆದುಕೊಂಡು ಹೋಗು. ಒಂದೇ ಗಾಡಿಯಲ್ಲಿ, ದೇವಿಮನೆ ಘಟ್ಟವನ್ನೂ ಹತ್ತಿಸಿ. ತಿರುವಿನಲ್ಲಿ ಒಬ್ಬನಿಗೆ ವಾಂತಿ ಬಂದರೆ ಗಾಡಿ ನಿಲ್ಲಿಸು ಎನ್ನುವವನು ಯಾರು, ಮೊಬೈಲು ತೆಗೆಯುವವನು ಯಾರು, ನೋಡು. ಬಿಲ್ಲು ಬಂದಾಗ ಶೌಚಾಲಯಕ್ಕೆ ಹೋಗುವವನನ್ನು ಕ್ಷಮಿಸಬಹುದು, ಅದು ಬರೀ ಜಿಪುಣತನ. ಹೋಟೆಲಿನ ಹುಡುಗನಿಗೆ ‘ಏ’ ಎನ್ನುವವನನ್ನು ಸ್ವಲ್ಪ ಗಮನಿಸು. ಗುಂಪಿನಲ್ಲಿ ಮೆತ್ತಗಿನವನೊಬ್ಬ ಇರುತ್ತಾನಲ್ಲ, ಎಲ್ಲರೂ ಗೇಲಿ ಮಾಡುವವನು, ಅವನನ್ನು ಕುಡಿದ ಮೇಲೆ ಹೇಗೆ ನಡೆಸಿಕೊಳ್ಳುತ್ತಾರೆ ಎನ್ನುವುದನ್ನು ಚೆನ್ನಾಗಿ ನೋಡು. ಗೇಲಿ ಎಲ್ಲಿಗೆ ನಿಲ್ಲುತ್ತದೆ ಎಂದು ತಿಳಿಯದವರ ಜೊತೆ ಗಡಿ ದಾಟಬೇಡ. ಮೆಕ್ಸಿಕೋದ ಆ ಕೋಣೆಯಲ್ಲಿ ಎಲ್ಲರೂ ಹೊಡೆಯಲಿಲ್ಲ, ತಮಾ. ಉಳಿದವರು ನೋಡುತ್ತಿದ್ದರು, ಅಷ್ಟೆ.

ಹಾಗೆಯೇ, ಜೊತೆಗಿದ್ದವನು ನೀನೇ ಆದರೆ? ಇದನ್ನೂ ಕೇಳು, ಕಿವಿಯಿಂದ ಆ ತಂತಿ ತೆಗೆದು. ಜಗಳವಾಗಿ, ಕುಡಿದು, ಜಾರಿ, ಏನೋ ಆಗಿ ಒಬ್ಬ ಬಿದ್ದರೆ ಮೊದಲು ಆಂಬ್ಯುಲೆನ್ಸಿಗೆ ಫೋನು ಮಾಡು. ನಾಲ್ವರೂ ಕೂಡಿ ‘ಏನು ಹೇಳೋಣ’ ಎಂದು ಕೂರಬೇಡಿ; ಕೂಡಿ ಕೂತು ಮಾಡಿದ ಕತೆ ಮೊದಲ ಅಡ್ಡ ಪ್ರಶ್ನೆಗೇ ಹರಿಯುತ್ತದೆ. ಫೋನಿನಿಂದ ಏನನ್ನೂ ಅಳಿಸಬೇಡ. ಅಲ್ಲಿನ ಪೊಲೀಸರಿಗೆ ಹೇಳಿಕೆ ಕೊಡದೆ ಮೊದಲ ವಿಮಾನ ಹತ್ತಬೇಡ. ಕನ್ನಡವೋ ಹಿಂದಿಯೋ ತಿಳಿದ ದುಭಾಷಿ ಬೇಕೆಂದು ಕೇಳು, ಕೇಳುವುದು ನಿನ್ನ ಹಕ್ಕು. ಸತ್ತವನ ಅಮ್ಮನಿಗೆ ಕಂಡದ್ದನ್ನು ಕಂಡಹಾಗೆ ಹೇಳು. ಅವಳು ನಿನ್ನ ಮೇಲೆ ಕೂಗಾಡಿಯಾಳು, ತಡೆದುಕೋ.

ಸಾಕು, ಎದ್ದೆಯಾ? ಮುಖ ತೊಳೆದು ಬಾ, ದೋಸೆ ಆರುತ್ತಿದೆ. ಐವರ ಪಾಸ್‌ಪೋರ್ಟಿನ ಮೊದಲ ಪುಟದ ನಕಲು, ವೀಸಾ ಇದ್ದರೆ ಅದರದ್ದೂ, ಹೋಟೆಲಿನ ವಿಳಾಸ, ಆ ನಾಲ್ವರ ಅಪ್ಪಂದಿರ ಫೋನ್ ನಂಬರು, ಪ್ರಯಾಣ ವಿಮೆಯ ಕಾಗದ, ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಯ ನಂಬರು, ಇಷ್ಟನ್ನೂ ಒಂದು ಲಕೋಟೆಗೆ ಹಾಕಿ ಆಯಿಯ ಕೈಗೆ ಕೊಡು. ಮೊಬೈಲಿನಲ್ಲಿದೆ ಎನ್ನಬೇಡ, ಮೊಬೈಲು ನಿನ್ನ ಜೊತೆಗೇ ಬರುತ್ತದೆ. ಮತ್ತೆ ಆ ಯಾಣದ ಪ್ರವಾಸದಲ್ಲಿ ನನಗೂ ಒಂದು ಸೀಟು ಇಡು, ಮುಂದಿನದೇ ಆಗಬೇಕು, ಹಿಂದೆ ಕೂತರೆ ನನಗೇ ವಾಂತಿ.