ಉಪಾಧ್ಯಾಯನು ಕಂಡ ಓಸ್ಲೋ

ನಾರ್ವೆ ದೇಶದ ರಾಜಧಾನಿಯಾದ ಓಸ್ಲೋ ನಗರವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 60 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರವು ನೂರು ಕಿಲೋಮೀಟರಿನಷ್ಟು ನೆಲದೊಳಕ್ಕೆ ಚಾಚಿಕೊಂಡು ಬಂದ ನೀಳವಾದ ಕೊಲ್ಲಿಯೊಂದರ ತುದಿಯಲ್ಲಿದೆ. ಇಂತಹ ಕೊಲ್ಲಿಗೆ ಫ್ಯೋರ್ಡ್ ಎಂದು ಹೆಸರು. ಭೂಗೋಳದ ಪಾಠದಲ್ಲಿ ಈ ಪದವನ್ನು ಬಾಯಿಪಾಠ ಮಾಡಿದ ನೆನಪು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಇರಬಹುದು. ಜನಸಂಖ್ಯೆ ಏಳು ಲಕ್ಷದಷ್ಟು. ಜೂನ್ ತಿಂಗಳಲ್ಲಿ ಅಲ್ಲಿ ಹಗಲು ಹತ್ತೊಂಬತ್ತು ಗಂಟೆಗಳ ಸಮೀಪಕ್ಕೆ ಬೆಳೆಯುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆಯೂ ತುಂಬುವುದಿಲ್ಲ.

ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ಒತ್ತಾಯದಿಂದ ನಾನು ಒಂದು ಮೇ ತಿಂಗಳನ್ನು ಆ ನಗರದಲ್ಲಿ ಕಳೆದೆ. ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಪ್ರವಾಸಕಥನವನ್ನು ಅಪೇಕ್ಷಿಸಿದ್ದಾರೆ. ವಿಮಾನಯಾನ, ಚಳಿ, ಊಟೋಪಚಾರಗಳ ವರ್ಣನೆಯನ್ನು ಬಲ್ಲವರು ಬರೆಯಲಿ. ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಆಯುಷ್ಯವನ್ನು ಸವೆಸಿದವನಿಗೆ ಆ ನಗರದಲ್ಲಿ ಕಣ್ಣಿಗೆ ಬಿದ್ದುದು ಬೇರೆಯೇ ಒಂದು ಸಂಗತಿ. ಅದನ್ನು ತಿಳಿಯಲು ಮೊದಲು ಸ್ವಲ್ಪ ಇತಿಹಾಸ ಅವಶ್ಯ.

ಹಳೆಯ ಓಸ್ಲೋ ಪಟ್ಟಣವು 1624ರಲ್ಲಿ ಬೆಂಕಿಗೆ ಆಹುತಿಯಾಯಿತು. ಆಗ ಡೆನ್ಮಾರ್ಕ್ ಮತ್ತು ನಾರ್ವೆಗಳೆರಡನ್ನೂ ಆಳುತ್ತಿದ್ದ ನಾಲ್ಕನೆಯ ಕ್ರಿಶ್ಚಿಯನ್ ದೊರೆಯು ಪಟ್ಟಣವನ್ನು ಕೋಟೆಯ ಮಗ್ಗುಲಿಗೆ ಸ್ಥಳಾಂತರಿಸಿ, ಅದಕ್ಕೆ ಕ್ರಿಶ್ಚಿಯಾನಿಯಾ ಎಂದು ತನ್ನ ಹೆಸರನ್ನೇ ಇಟ್ಟನು. ಮುನ್ನೂರು ವರ್ಷಗಳ ಬಳಿಕ, 1925ರ ಜನವರಿ 1ರಂದು, ಓಸ್ಲೋ ಎಂಬ ಮೂಲನಾಮವು ನಗರಕ್ಕೆ ಮರಳಿತು. ಕಳೆದುಹೋದದ್ದು ಹೆಸರು ಮಾತ್ರವಲ್ಲ. 1380ರಿಂದ 1814ರ ವರೆಗೆ ನಾರ್ವೆಯು ಡೆನ್ಮಾರ್ಕಿನ ಅರಸರ ಅಧೀನದಲ್ಲಿತ್ತು. ತರುವಾಯ 1905ರ ವರೆಗೆ ಸ್ವೀಡನ್ನಿನೊಡನೆ ಒಂದೇ ಕಿರೀಟದ ಕೆಳಗಿತ್ತು. ಡೆನ್ಮಾರ್ಕಿನ ಆ ದೀರ್ಘ ಆಳ್ವಿಕೆಯಲ್ಲಿ ಹಳ್ಳಿಹಳ್ಳಿಗಳಲ್ಲಿ ನಾರ್ವೆಯ ಆಡುನುಡಿಗಳು ಉಳಿದುಕೊಂಡವಾದರೂ ಚರ್ಚು, ನ್ಯಾಯಾಲಯ, ಪಾಠಶಾಲೆ, ಪುಸ್ತಕ ಎಲ್ಲವೂ ಡೇನಿಷ್ ಭಾಷೆಯದಾದವು. ಮನೆಯಲ್ಲಿ ಆಡುವುದೊಂದು, ಶಾಲೆಯಲ್ಲಿ ಬರೆಯುವುದೊಂದು. ಈ ಸ್ಥಿತಿಯು ಏನೆಂಬುದನ್ನು ಗಡಿನಾಡಿನ ವಾಚಕರಿಗೆ ವಿವರಿಸಬೇಕಾಗಿಲ್ಲ.

1814ರ ಮೇ 17ರಂದು ನಾರ್ವೆಯ ಪ್ರತಿನಿಧಿಗಳು ತಮ್ಮದೇ ಸಂವಿಧಾನವನ್ನು ರಚಿಸಿಕೊಂಡರು. ಆದರೆ ಬರವಣಿಗೆಯ ಭಾಷೆ ಮಾತ್ರ ಡೇನಿಷ್ ಆಗಿಯೇ ಉಳಿಯಿತು. ಇದನ್ನು ಸರಿಪಡಿಸಲು ಇಬ್ಬರು ಎರಡು ದಾರಿಗಳನ್ನು ಹಿಡಿದರು. ರೈತನ ಮಗನಾಗಿ ಹುಟ್ಟಿ, ಬಹುಪಾಲು ಸ್ವಂತ ಪರಿಶ್ರಮದಿಂದಲೇ ಕಲಿತ ಈವಾರ್ ಓಸೆನ್ ಎಂಬವರು 1842ರಿಂದ ಕೆಲವು ವರ್ಷಗಳ ಕಾಲ ದೇಶವನ್ನು ಸುತ್ತಿ ಆಡುನುಡಿಗಳನ್ನು ಸಂಗ್ರಹಿಸಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಹಳ್ಳಿಗರ ಮಾತಿನಿಂದಲೇ ಹೊಸ ಬರವಣಿಗೆಯ ಭಾಷೆಯನ್ನು ಕಟ್ಟಬೇಕೆಂಬುದು ಅವರ ಮತ. ರಾಜಧಾನಿಯ ಕೆಥೆಡ್ರಲ್ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಕ್ನೂಡ್ ಕ್ನೂಡ್ಸೆನ್ ಎಂಬವರದು ಇನ್ನೊಂದು ಮತ: ಇರುವ ಡೇನಿಷ್ ಬರವಣಿಗೆಯನ್ನೇ ನಾರ್ವೆಯವರ ಉಚ್ಚಾರಕ್ಕೆ ತಕ್ಕಂತೆ ಮೆಲ್ಲಮೆಲ್ಲನೆ ಬದಲಾಯಿಸುತ್ತ ಹೋಗುವುದು. ಓಸೆನರ ದಾರಿಯಿಂದ ಇಂದಿನ ನೀನೊರ್ಸ್ಕ್, ಕ್ನೂಡ್ಸೆನರ ದಾರಿಯಿಂದ ಇಂದಿನ ಬೂಕ್‌ಮೋಲ್ ಎಂಬ ಎರಡು ಬರವಣಿಗೆಯ ರೂಪಗಳು ಬಂದವು. 1885ರಲ್ಲಿ ಸಂಸತ್ತು ಎರಡಕ್ಕೂ ಸಮಾನ ಸ್ಥಾನವನ್ನು ಕೊಟ್ಟಿತು. ಅದಕ್ಕೂ ಮೊದಲೇ, 1878ರಲ್ಲಿ, ಜನಸಾಮಾನ್ಯರ ಶಾಲೆಗಳಲ್ಲಿ ಸಾಧ್ಯವಾದಷ್ಟೂ ಮಕ್ಕಳ ಸ್ವಂತ ಆಡುಮಾತಿನಲ್ಲಿಯೇ ಪಾಠ ಹೇಳಬೇಕೆಂದು ಅದೇ ಸಂಸತ್ತು ನಿರ್ಣಯಿಸಿತ್ತು.

ನೀನೊರ್ಸ್ಕನ್ನು ಮುಖ್ಯರೂಪವಾಗಿ ಕಲಿಯುವ ಮಕ್ಕಳು ಇಂದು ಶೇಕಡಾ ಹದಿನೈದನ್ನೂ ಮುಟ್ಟುವುದಿಲ್ಲ. ರಾಜಧಾನಿಯಲ್ಲಂತೂ ಎಲ್ಲೆಲ್ಲೂ ಬೂಕ್‌ಮೋಲ್. ಆದರೂ ಶಾಲಾಪಠ್ಯಗಳು ಎರಡೂ ರೂಪಗಳಲ್ಲಿ ಒಂದೇ ಸಮಯಕ್ಕೆ, ಒಂದೇ ಬೆಲೆಗೆ ದೊರೆಯಬೇಕೆಂಬುದು ಅಲ್ಲಿಯ ಕಾನೂನು. ಈ ಒಂದು ವಾಕ್ಯವನ್ನು ನನ್ನ ಶಿಷ್ಯನು ಹೇಳಿದಾಗ ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಜೂನ್ ತಿಂಗಳಲ್ಲಿ ತರಗತಿಗೆ ಕುಳಿತ ನಮ್ಮ ಮಕ್ಕಳು ಕನ್ನಡ ಪುಸ್ತಕಕ್ಕಾಗಿ ಓಣಂ ರಜೆಯ ವರೆಗೆ ಕಾದ ವರ್ಷಗಳಿದ್ದವು. ಆಗ ಹಿಂದಿನ ವರ್ಷದ ಒಂದೇ ಪ್ರತಿಯನ್ನು ಮುಂದಿಟ್ಟುಕೊಂಡು ಪಾಠವನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಮಕ್ಕಳು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಇದನ್ನು ಓದುತ್ತಿರುವವರಲ್ಲಿ ಆ ನೋಟುಪುಸ್ತಕಗಳನ್ನು ಬರೆದವರೂ ಇದ್ದಾರೆ. ಎರಡನೆಯ ರೂಪವನ್ನೂ ಕಲಿಯಬೇಕಲ್ಲ ಎಂದು ಓಸ್ಲೋದ ಮಕ್ಕಳು ಗೊಣಗುತ್ತಾರಂತೆ. ಗೊಣಗಲಿ, ಪುಸ್ತಕವಂತೂ ಕೈಯಲ್ಲಿರುತ್ತದೆ.

ಇಷ್ಟನ್ನು ತಿಳಿದುಕೊಂಡು ನಗರವನ್ನು ನೋಡಲು ಹೊರಡೋಣ. ರೈಲು ನಿಲ್ದಾಣದಿಂದ ಅರಮನೆಯ ವರೆಗೆ ಸಾಗುವ ಕಾರ್ಲ್ ಯೋಹಾನ್ ಬೀದಿಯೇ ಓಸ್ಲೋದ ರಾಜಬೀದಿ. ನಡೆದರೆ ಅರ್ಧ ಗಂಟೆಯೂ ಬೇಡ. ನಡುವೆ ಎಡಗಡೆಗೆ ಹಳದಿ ಇಟ್ಟಿಗೆಯ ದುಂಡನೆಯ ಮುಖವುಳ್ಳ ಸಂಸತ್ ಭವನವಿದೆ. ಸ್ಟೋರ್ಟಿಂಗ್ ಎಂದು ಅದರ ಹೆಸರು; ಕಟ್ಟಡವು 1866ರದು. ಮಕ್ಕಳ ಆಡುಮಾತಿನ ಪರವಾದ ನಿರ್ಣಯ ಇಲ್ಲಿಯೇ ಆಯಿತೆಂದು ಹೆಮ್ಮೆಪಡುವಾಗ ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ನಾರ್ವೆಯ ಉತ್ತರಭಾಗದ ಮೂಲನಿವಾಸಿಗಳಾದ ಸಾಮಿ ಜನರ ಭಾಷೆ ಪೂರ್ತಿ ಬೇರೆಯದು. ತನ್ನ ನುಡಿಗಾಗಿ ಹೋರಾಡಿದ ಅದೇ ನಾಡು ಸಾಮಿ ಮಕ್ಕಳ ನುಡಿಯನ್ನು ಶಾಲೆಯಿಂದ ಹೊರಗಟ್ಟಿತು. 1898ರ ಸೂಚನೆಯೊಂದು ತರಗತಿಯಲ್ಲಿ ಸಾಮಿ ಭಾಷೆಯ ಬಳಕೆಯನ್ನು ತೀರಾ ಅನಿವಾರ್ಯವಾದಷ್ಟಕ್ಕೆ ಸೀಮಿತಗೊಳಿಸಿತು. ಮನೆಯಿಂದ ದೂರದ ವಸತಿಶಾಲೆಗಳಲ್ಲಿ ತಾಯಿಯ ಮಾತನ್ನು ಮರೆತ ಮಕ್ಕಳು ಎಷ್ಟೋ. ಪೆಟ್ಟು ತಿಂದವನು ಪೆಟ್ಟು ಕೊಡಲಾರನೆಂಬ ನಂಬಿಕೆಗೆ ಇತಿಹಾಸದ ಸಮರ್ಥನೆ ಕಡಿಮೆ. 1989ರಲ್ಲಿ ಸಾಮಿಗಳಿಗೆ ಅವರದೇ ಪ್ರತಿನಿಧಿಸಭೆ ದೊರೆಯಿತು. 1997ರಲ್ಲಿ ಹಾರಾಲ್ಡ್ ದೊರೆಯು ಅವರ ಕ್ಷಮೆ ಯಾಚಿಸಿದರು. ಸತ್ಯಶೋಧನಾ ಆಯೋಗವು 2023ರಲ್ಲಿ ವರದಿಯನ್ನು ಒಪ್ಪಿಸಿತು. 2024ರ ನವೆಂಬರಿನಲ್ಲಿ ಸ್ಟೋರ್ಟಿಂಗ್ ಸಹ ವಿಧಿವತ್ತಾಗಿ ಕ್ಷಮೆ ಕೇಳಿತು. ತಪ್ಪೊಪ್ಪಿಗೆಗೆ ಒಂದು ಶತಮಾನಕ್ಕೂ ಮಿಕ್ಕಿ ಕಾಲ ಹಿಡಿಯಿತು.

ಸಂಸತ್ ಭವನವನ್ನು ದಾಟಿದರೆ 1899ರಲ್ಲಿ ಆರಂಭವಾದ ರಾಷ್ಟ್ರೀಯ ರಂಗಮಂದಿರ. ಅದರ ಮುಂದೆ ಇಬ್ಸನ್ ಮತ್ತು ಬ್ಯೋರ್ನ್‌ಸನ್ ಇವರ ಪ್ರತಿಮೆಗಳಿವೆ. ಇಬ್ಸನ್ನರ ನಾಟಕಗಳು ಕನ್ನಡಕ್ಕೂ ಬಂದಿರುವುದರಿಂದ ಅವರ ಪರಿಚಯ ನಮಗುಂಟು. ಬ್ಯೋರ್ನ್‌ಸನ್ನರು 1903ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಆದರೆ ಉಪಾಧ್ಯಾಯರು ಅವರನ್ನು ಸ್ಮರಿಸಬೇಕಾದುದು ಬೇರೊಂದು ಕಾರಣಕ್ಕೆ. ಸಂವಿಧಾನದ ದಿನವಾದ ಮೇ 17ರಂದು ಶಾಲಾಬಾಲಕರ ಮೆರವಣಿಗೆಯು 1870ರಲ್ಲಿ ಅವರ ಪ್ರೇರಣೆಯಿಂದ ಈ ಬೀದಿಯಲ್ಲಿ ಮೊದಲಾಯಿತು. ಬಾಲಕಿಯರು 1889ರಲ್ಲಿ ಸೇರಿಕೊಂಡರು. ಇಂದಿಗೂ ಅಲ್ಲಿಯ ರಾಷ್ಟ್ರೀಯ ದಿನಾಚರಣೆಯಲ್ಲಿ ಪ್ರಧಾನವಾದುದು ಸೈನ್ಯದ ಕವಾಯತು ಅಲ್ಲ, ಮಕ್ಕಳ ಈ ಮೆರವಣಿಗೆ.

ನಾನು ಅದನ್ನು ಅರಮನೆಯ ಇಳಿಜಾರಿನಲ್ಲಿ ನಿಂತು ನೋಡಿದೆ. ನೂರರಷ್ಟು ಶಾಲೆಗಳು ಒಂದರ ಹಿಂದೆ ಒಂದು ಬಂದವು. ಪ್ರತಿ ಶಾಲೆಗೂ ತನ್ನ ಹೆಸರಿನ ಧ್ವಜ, ಅನೇಕ ಶಾಲೆಗಳಿಗೆ ತಮ್ಮದೇ ವಾದ್ಯವೃಂದ. ಸಾಲು ಅಷ್ಟೇನೂ ನೇರವಾಗಿರಲಿಲ್ಲ. ನಮ್ಮ ವ್ಯಾಯಾಮ ಶಿಕ್ಷಕರು ಕಂಡಿದ್ದರೆ ಸೀಟಿ ಊದುತ್ತಿದ್ದರು. ಚಿಕ್ಕ ಮಕ್ಕಳು ನಡುವೆ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಅರಮನೆಯ ಮೊಗಸಾಲೆಯಲ್ಲಿ ರಾಜಕುಟುಂಬದವರು ಗಂಟೆಗಟ್ಟಲೆ ನಿಂತು ಕೈಬೀಸಿದರು. 1849ರಲ್ಲಿ ಪೂರ್ಣಗೊಂಡ ಆ ಅರಮನೆಯ ಉದ್ಯಾನಕ್ಕೆ ಆವರಣದ ಗೋಡೆಯಿಲ್ಲ. ಯಾರು ಬೇಕಾದರೂ ಒಳಗೆ ಹೋಗಿ ಹುಲ್ಲಿನ ಮೇಲೆ ಕುಳಿತುಕೊಳ್ಳಬಹುದು.

ಸಮುದ್ರದ ಕಡೆಗೆ ಇಳಿದರೆ ಕೆಂಪು ಇಟ್ಟಿಗೆಯ ಎರಡು ಗೋಪುರಗಳುಳ್ಳ ನಗರಭವನ. 1950ರಲ್ಲಿ ಉದ್ಘಾಟನೆಯಾದ ಈ ಕಟ್ಟಡದಲ್ಲಿ 1990ರಿಂದ ಪ್ರತಿವರ್ಷ ಡಿಸೆಂಬರ್ 10ರಂದು ನೊಬೆಲ್ ಶಾಂತಿ ಪಾರಿತೋಷಕದ ಪ್ರದಾನ ನಡೆಯುತ್ತದೆ. ನಮ್ಮ ಕೈಲಾಶ್ ಸತ್ಯಾರ್ಥಿಯವರೂ ಪಾಕಿಸ್ತಾನದ ಮಲಾಲಾಳೂ 2014ರಲ್ಲಿ ಅದನ್ನು ಸ್ವೀಕರಿಸಿದ್ದು ಇಲ್ಲಿಯೇ. 1979ರಲ್ಲಿ ಮದರ್ ತೆರೇಸಾ ಅವರಿಗೆ ಕೊಟ್ಟದ್ದು ಕಾರ್ಲ್ ಯೋಹಾನ್ ಬೀದಿಯಲ್ಲಿರುವ ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ.

ನಗರಭವನದ ಸಮೀಪದಲ್ಲೇ, ಹದಿಮೂರನೆಯ ಶತಮಾನದ ಕೊನೆಗೆ ಕಟ್ಟಲು ತೊಡಗಿದ ಆಕೆರ್ಸ್‌ಹೂಸ್ ಕೋಟೆಯಿದೆ. ಪ್ರವಾಸಿಗರು ಕೋಟೆಯ ಮೇಲಿಂದ ಬಂದರಿನ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ನಮ್ಮವರು ಹೋದರೆ ಕೋಟೆಯೊಳಗೆ 1970ರಿಂದ ಇರುವ ಪ್ರತಿರೋಧ ಚಳವಳಿಯ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಕೊಡಬೇಕು. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆಯು ನಾರ್ವೆಯನ್ನು ಆಕ್ರಮಿಸಿತು. ಅದರ ಆಶ್ರಯದಲ್ಲಿ 1942ರ ಫೆಬ್ರವರಿಯಲ್ಲಿ ಅಧಿಕಾರಕ್ಕೇರಿದ ಕ್ವಿಸ್ಲಿಂಗ್ ಮೊತ್ತಮೊದಲು ಕೈಯಿಟ್ಟದ್ದು ಶಾಲೆಗಳ ಮೇಲೆ. ಉಪಾಧ್ಯಾಯರೆಲ್ಲರೂ ತನ್ನ ಪಕ್ಷದ ಹತೋಟಿಯ ಸಂಘಕ್ಕೆ ಕಡ್ಡಾಯವಾಗಿ ಸೇರಬೇಕು, ಮಕ್ಕಳು ತನ್ನ ಯುವದಳಕ್ಕೆ ಸೇರಬೇಕು ಎಂದು ಶಾಸನವಾಯಿತು. ದೇಶದಲ್ಲಿದ್ದ ಸುಮಾರು ಹದಿನಾಲ್ಕು ಸಾವಿರ ಉಪಾಧ್ಯಾಯರಲ್ಲಿ ಬಹುಸಂಖ್ಯಾತರು, ಇದಕ್ಕೆ ತಮ್ಮ ಸಮ್ಮತಿಯಿಲ್ಲವೆಂದು ಒಬ್ಬೊಬ್ಬರಾಗಿ ಪತ್ರ ಬರೆದು, ಹೆಸರು ಸಹಿ ಹಾಕಿ ಕಳುಹಿಸಿದರು. ಗುಂಪಿನಲ್ಲಿ ಘೋಷಣೆ ಕೂಗುವುದಕ್ಕೂ, ರಾತ್ರಿ ಮನೆಯ ದೀಪದ ಕೆಳಗೆ ಹೆಂಡತಿ ಮಕ್ಕಳ ಎದುರು ಕುಳಿತು ಇಂತಹ ಪತ್ರಕ್ಕೆ ಸಹಿ ಹಾಕುವುದಕ್ಕೂ ಬಹಳ ಅಂತರವಿದೆ. ಸರಕಾರವು ಉರುವಲಿನ ಅಭಾವದ ನೆಪ ಹೂಡಿ ಶಾಲೆಗಳನ್ನು ಮುಚ್ಚಿತು. ತಂದೆತಾಯಂದಿರ ಪ್ರತಿಭಟನೆಯ ಪತ್ರಗಳು ರಾಶಿರಾಶಿಯಾಗಿ ಬಂದವು.

ಮಾರ್ಚ್ 20ರಂದು ಬಂಧನಗಳು ಆರಂಭವಾದವು. ಸುಮಾರು 1100 ಉಪಾಧ್ಯಾಯರನ್ನು ಹಿಡಿದರು. ಶಿಬಿರಗಳಲ್ಲಿ ಹಿಮದ ಮೇಲೆ ತೆವಳಿಸಿದರು, ಹಸಿವಿಗೆ ಕೆಡವಿದರು. ಮಣಿದವರು ಬಹಳ ಸ್ವಲ್ಪ. ಆರುನೂರಕ್ಕೂ ಹೆಚ್ಚು ಮಂದಿಯನ್ನು ಆರ್ಕ್‌ಟಿಕ್ ವೃತ್ತದಿಂದ ಬಹುದೂರ ಉತ್ತರದ ಕಿರ್ಕೆನೆಸ್ ಎಂಬಲ್ಲಿಗೆ ಸಾಗಿಸಿ, ಜರ್ಮನ್ ಸೇನೆಗಾಗಿ ಹೊರೆ ಇಳಿಸುವ ಕೂಲಿ ಕೆಲಸಕ್ಕೆ ಹಚ್ಚಿದರು. ಉಳಿದ ಉಪಾಧ್ಯಾಯರು ಶಾಲೆ ತೆರೆದಾಗ ತರಗತಿಯಲ್ಲಿ ಮಕ್ಕಳ ಮುಂದೆಯೇ ತಮ್ಮ ನಿರಾಕರಣೆಯನ್ನು ಓದಿಹೇಳಿ ಪಾಠ ಆರಂಭಿಸಿದರು. ಕಡೆಗೆ ಕ್ವಿಸ್ಲಿಂಗನ ಯೋಜನೆಯೇ ನೆಲಕಚ್ಚಿತು. ಆ ವರ್ಷ ಮುಗಿಯುವುದರೊಳಗೆ ಬಂದಿಗಳು ಊರಿಗೆ ಮರಳಿದರು. ಯುದ್ಧಾನಂತರ 1945ರ ಅಕ್ಟೋಬರಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದದ್ದು ಇದೇ ಕೋಟೆಯಲ್ಲಿ. ಆಕ್ರಮಣದ ಆ ಐದು ವರ್ಷ ಮೇ 17ರ ಆಚರಣೆಯೂ ನಿಷಿದ್ಧವಾಗಿತ್ತು. ಮಕ್ಕಳ ಸಾಲು ಅಂಕುಡೊಂಕಾಗಿದ್ದರೂ ಅರಸನಾದಿಯಾಗಿ ಎಲ್ಲರೂ ಅದನ್ನು ನಿಂತು ನೋಡುವುದೇಕೆಂದು ನನಗೆ ಅರ್ಥವಾದದ್ದು ಇಲ್ಲಿ.

ಬಂದರಿನಿಂದ ಬೇಸಗೆಯಲ್ಲಿ ದೋಣಿಯೇರಿ ಬಿಗ್ಡೊಯ್ ಎಂಬ ಪರ್ಯಾಯದ್ವೀಪಕ್ಕೆ ಹೋಗಬಹುದು. ಅಲ್ಲಿ ಕಡಲಯಾನದ ವಸ್ತುಸಂಗ್ರಹಾಲಯಗಳಿವೆ. 1947ರಲ್ಲಿ ಥೋರ್ ಹೆಯರ್‌ಡಾಲ್ ಮತ್ತು ಸಂಗಡಿಗರು ಪೆರುವಿನಿಂದ 101 ದಿನ ಪೆಸಿಫಿಕ್ ಸಾಗರದಲ್ಲಿ ತೇಲಿಬಂದ ಕೋನ್‌ಟಿಕಿ ತೆಪ್ಪವೂ, ನಾನ್ಸೆನ್ ಮತ್ತು ಅಮುಂಡ್ಸೆನ್ ಧ್ರುವಯಾತ್ರೆಗೆ ಬಳಸಿದ ಫ್ರಾಮ್ ಹಡಗೂ ನೋಡತಕ್ಕವು. ಫ್ರಾಮಿನ ಒಳಗೆ ಇಳಿದು ಮಲಗುವ ಕೋಣೆಗಳ ಇಕ್ಕಟ್ಟನ್ನು ಕಾಣಬಹುದು. 1904ರಲ್ಲಿ ಅಗೆದು ತೆಗೆದ, ಕ್ರಿ.ಶ. 834ರಲ್ಲಿ ಇಬ್ಬರು ಸ್ತ್ರೀಯರ ಶವಗಳೊಡನೆ ಹೂಳಲಾಗಿದ್ದ ಓಸೆಬೆರ್ಗ್ ಹಡಗಿನ ಸಂಗ್ರಹಾಲಯವನ್ನು ಮರುನಿರ್ಮಾಣಕ್ಕಾಗಿ 2022ರಲ್ಲಿ ಮುಚ್ಚಲಾಯಿತು. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಮೇಲು. ಅಲ್ಲಿಯೇ 1894ರಲ್ಲಿ ಸ್ಥಾಪಿತವಾದ ಜಾನಪದ ಸಂಗ್ರಹಾಲಯವಿದೆ. ದೇಶದ ನಾನಾ ಭಾಗಗಳಿಂದ ಬಿಚ್ಚಿ ತಂದು ಮರುಜೋಡಿಸಿದ ಹಳೆಯ ಮನೆಗಳ ನಡುವೆ, ಕ್ರಿ.ಶ. 1200ರ ಆಸುಪಾಸಿನ, ಡಾಂಬರು ಬಳಿದು ಕಪ್ಪಾದ ಮರದ ಚರ್ಚೊಂದು ನಿಂತಿದೆ. ಓಸೆನರು ಪದಗಳನ್ನು ಕೂಡಿಸಿಟ್ಟಂತೆ ಇವರು ಮನೆಗಳನ್ನು ಕೂಡಿಸಿಟ್ಟಿದ್ದಾರೆ.

ನಗರದ ಪಶ್ಚಿಮಕ್ಕಿರುವ ವೀಗೆಲಾನ್ ಉದ್ಯಾನದಲ್ಲಿ ಒಬ್ಬನೇ ಶಿಲ್ಪಿಯ ಇನ್ನೂರಕ್ಕೂ ಹೆಚ್ಚು ಕೃತಿಗಳಿವೆ. 1921ರ ಒಪ್ಪಂದದಂತೆ ನಗರವು ಶಿಲ್ಪಿಗೆ ಮನೆ ಮತ್ತು ಕಾರ್ಯಶಾಲೆ ಕೊಟ್ಟಿತು, ಅವನು ತನ್ನ ಕೃತಿಗಳನ್ನೆಲ್ಲ ನಗರಕ್ಕೆ ಕೊಟ್ಟನು. ನಡುವಣ ಸ್ತಂಭವು ಒಂದೇ ಗ್ರಾನೈಟ್ ಶಿಲೆಯದು. ಎತ್ತರ 14 ಮೀಟರಿಗೆ ತುಸು ಮಿಕ್ಕು, ಅದರಲ್ಲಿ ಒಬ್ಬರನ್ನೊಬ್ಬರು ತಬ್ಬಿ ಮೇಲೇರುವ 121 ಮನುಷ್ಯಾಕೃತಿಗಳು. ಕಾರ್ಕಳದ ಗೊಮ್ಮಟನನ್ನು ಕಂಡವರಿಗೆ ಎತ್ತರದಿಂದ ಬೆರಗಾಗದು. ಆದರೆ ಕಾಲು ನೆಲಕ್ಕೆ ಅಪ್ಪಳಿಸಿ ಸಿಟ್ಟಿನಿಂದ ಅಳುವ ಪುಟ್ಟ ಬಾಲಕನ ಕಂಚಿನ ಪ್ರತಿಮೆಯೊಂದಿದೆ. ಒಂದನೆಯ ತರಗತಿಯ ಮೊದಲ ದಿನವನ್ನು ಕಂಡ ಯಾವ ಉಪಾಧ್ಯಾಯನೂ ಅವನನ್ನು ಗುರುತಿಸದಿರಲಾರ. ಚಿತ್ರಕಾರ ಮುಂಕ್ ಅವರ 'ಚೀತ್ಕಾರ'ವನ್ನು ನೋಡಲು ಜನ ಮುಗಿಬೀಳುತ್ತಾರೆ. ನಾನೂ ನೋಡಿದೆ, ನನ್ನ ಮನಸ್ಸಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ನಗರದ ಮಧ್ಯದಲ್ಲಿರುವ ಹಳೆಯ ಸ್ಮಶಾನವೊಂದಕ್ಕೂ ಹೋಗಿದ್ದೆ. ಇಬ್ಸನ್, ಬ್ಯೋರ್ನ್‌ಸನ್, ಮುಂಕ್ ಮೂವರೂ ಅಲ್ಲಿದ್ದಾರೆ. 1896ರಲ್ಲಿ ತೀರಿಕೊಂಡ ಈವಾರ್ ಓಸೆನರ ಸಮಾಧಿಯೂ ಅಲ್ಲಿದೆ. ಅದರ ಬಳಿ ಆಗ ಬೇರೆ ಯಾರೂ ಇರಲಿಲ್ಲ.

ಕೊನೆಯ ದಿನ ಬಂದರಿನ ಪೂರ್ವಭಾಗಕ್ಕೆ ಹೋದೆವು. ಮಾಡಿನ ಮೇಲೆಯೇ ನಡೆದಾಡಬಹುದಾದ, 2008ರಲ್ಲಿ ತೆರೆದ ಬಿಳಿಯ ಸಂಗೀತ ನಾಟಕ ಮಂದಿರದ ಎದುರಿಗೆ 2020ರಿಂದ ನಗರದ ಮುಖ್ಯ ಗ್ರಂಥಾಲಯವಿದೆ. ಅದರ ಮೇಲಂತಸ್ತಿನಲ್ಲಿ ಮರದಿಂದ ರಚಿಸಿದ ಪುಟ್ಟ ಕೋಣೆಯೊಂದುಂಟು. ಪಾದರಕ್ಷೆಯನ್ನು ಹೊರಗೆ ಬಿಟ್ಟು ಒಳಹೋಗಬೇಕು. 2014ರಿಂದ ವರ್ಷಕ್ಕೊಬ್ಬರಂತೆ ಒಬ್ಬ ಲೇಖಕನು ಯಾರೂ ಓದದ ಒಂದು ಹಸ್ತಪ್ರತಿಯನ್ನು ಇಲ್ಲಿಗೆ ಒಪ್ಪಿಸುತ್ತಾನೆ. ಅವುಗಳನ್ನು ಮುದ್ರಿಸುವುದು 2114ರಲ್ಲಿ. ಅದಕ್ಕೆ ಬೇಕಾದ ಕಾಗದಕ್ಕಾಗಿ ನಗರದ ಹೊರಗಿನ ಕಾಡಿನಲ್ಲಿ ಸಾವಿರ ಸ್ಪ್ರೂಸ್ ಸಸಿಗಳನ್ನು ನೆಟ್ಟಿದ್ದಾರೆ. ಗೋಡೆಯಲ್ಲಿ ನೂರು ವರ್ಷಗಳಿಗೆ ನೂರು ಗಾಜಿನ ಸೆಳೆಖಾನೆಗಳಿವೆ. ಬಹುಪಾಲು ಇನ್ನೂ ಖಾಲಿ. ಇಂಗ್ಲಿಷಿನಲ್ಲಿ ಬರೆಯುವವರಂತೆ ಕೊರಿಯನ್ ಭಾಷೆಯ ಹಾನ್ ಕಾಂಗ್ ಅವರೂ ತಮ್ಮ ಹಸ್ತಪ್ರತಿಯನ್ನು ಕೊಟ್ಟಿದ್ದಾರೆ. ಕನ್ನಡದ್ದೂ ಒಂದು ಇದೆಯೇ ಎಂದು ನನ್ನ ಶಿಷ್ಯನ ಮಗಳು ಕೇಳಿದಳು, ಕನ್ನಡದಲ್ಲಿಯೇ.