ಕುದುರೆಯ ಸ್ವಭಾವ

ಮಳೆ ಕಡಮೆಯಾದ ನಮ್ಮ ಜತ್ತ ಸೀಮೆಯವರಿಗೆ ಕುರಿಹಿಂಡಿನೊಡನೆ ಹೇರು ಹೊತ್ತು ನಡೆಯುವ ಗಿಡ್ಡ ಕುದುರೆಯು ಅಪರಿಚಿತವಲ್ಲ. ಭೀಮಾ ತೀರದ ಭೀಮಥಡಿ ತಳಿಯು ಹಿಂದೆ ಮರಾಠರ ದಂಡಿನಲ್ಲಿ ದುಡಿದು, ಇಂದು ಧನಗರರ ಪಾತ್ರೆ, ಹಾಸಿಗೆ, ಎಳೆಯ ಮರಿಗಳನ್ನು ಹೊರುತ್ತಿದೆ.

ತಳಿಯೊಂದೇ ಆದರೂ ಗುಣವೊಂದೇ ಅಲ್ಲ. ಒಂದು ಧೈರ್ಯಶಾಲಿಯಾದರೆ ಇನ್ನೊಂದು ಹಾರುವ ಕಾಗದದ ಚೂರಿಗೂ ಬೆದರುವುದು. ಧೈರ್ಯವುಳ್ಳದ್ದನ್ನು ಮುಂದಿಟ್ಟರೆ ಅಂಜುವುದೂ ಅದರ ಬೆನ್ನಿಗೆ ನಡೆಯುವುದುಂಟು.

ಕುದುರೆಯ ಮನಸ್ಸನ್ನು ಅದರ ಕಿವಿಗಳಿಂದ ತಿಳಿಯಬಹುದು. ಅವು ಮುಂದಕ್ಕೆ ನಿಮಿರಿದರೆ ಲಕ್ಷ್ಯ. ಹಿಂದಕ್ಕೆ ಒತ್ತಿ ಮಲಗಿದರೆ ಸಿಟ್ಟು. ಕಣ್ಣುಗಳು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಬಹುಪಾಲು ಸುತ್ತಲೂ ಕಾಣುವುದು; ಆದರೆ ನೇರ ಬೆನ್ನ ಹಿಂದಿನದು ಕಾಣದು. ಅಲ್ಲಿ ಸಪ್ಪಳವಾದರೆ ವೈರಿಯೆಂದು ಬಗೆದು ಒದೆಯುವುದು. ಇದು ಹಟವಲ್ಲ, ಭಯ. ಆದುದರಿಂದ ಮಕ್ಕಳೇ, ಹಿಂದಿನಿಂದ ಹೋಗಬೇಡಿರಿ. ಹೆಗಲ ಬದಿಯಿಂದ, ಮೆಲುದನಿಯಲ್ಲಿ ಕರೆಯುತ್ತ ಸಮೀಪಿಸಿರಿ.

ಹೊಡೆದ ಕೈಯನ್ನೂ ಸವರಿದ ಕೈಯನ್ನೂ ಕುದುರೆಯು ಬಹುಕಾಲ ಮರೆಯದು. ಪಾಲಕರೇ, ಅಂಜಿ ನಿಂತ ಮಗುವನ್ನು ಮೊಂಡನೆಂದು ಗದರಿಸುವ ಮೊದಲು, ಅದಕ್ಕೆ ಯಾವುದು ಕಾಣದಾಗಿದೆಯೆಂಬುದನ್ನು ನಾವೂ ನೀವೂ ವಿಚಾರಿಸೋಣ.