ಮಾಳಿಗೆಯ ಮಣ್ಣು, ತಾರಸಿಯ ಸುಣ್ಣ

ಜಗಳೂರಿನ ಸೀಮೆಯಲ್ಲಿ ನಾನು ಹುಟ್ಟಿ ಬೆಳೆದ ಮನೆಯು ಮಣ್ಣಿನ ಮಾಳಿಗೆಯದು. ತೊಲೆಗಳ ಮೇಲೆ ಜಂತೆಗಳನ್ನು ಜೋಡಿಸಿ, ಅವುಗಳ ಮೇಲೆ ಕಡ್ಡಿ ಸೊಪ್ಪುಗಳನ್ನು ಹಾಸಿ, ಮೊಳದಷ್ಟು ದಪ್ಪಕ್ಕೆ ಮಣ್ಣು ಹೊದಿಸಿದ ಆ ಸೂರಿನ ಕೆಳಗೆ, ಹೊರಗೆ ಬೇವಿನ ಎಲೆಯೂ ಅಲುಗದ ವೈಶಾಖದ ನಡುಹಗಲಿನಲ್ಲಿ ನಮ್ಮ ತಾಯಿಯವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದುದನ್ನು ನಾನು ನಿತ್ಯವೂ ಕಂಡಿದ್ದೇನೆ. ಮುಂಗಾರಿಗೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ತಂದೆಯವರ ಲೆಕ್ಕದ ಪುಸ್ತಕದಲ್ಲಿ ಯಾವ ವರ್ಷವೂ ತಪ್ಪದ ಬಾಬತ್ತಾಗಿತ್ತು. ಅದು ಮನೆ ಸೋರದಿರಲೆಂದು ಮಾಡುವ ವೆಚ್ಚವೆಂದೇ ನಾನು ತಿಳಿದಿದ್ದೆನು. ಸೆಖೆಯಿಂದ ನಮ್ಮನ್ನು ಕಾಪಾಡಿದುದೂ ಅದೇ ವೆಚ್ಚವೆಂಬುದು ಅರಿವಾಗುವ ಹೊತ್ತಿಗೆ ನನಗೆ ಅರುವತ್ತು ವರ್ಷ ಕಳೆದಿತ್ತು.

ಉಪಾಧ್ಯಾಯ ವೃತ್ತಿಯ ವರ್ಗಾವಣೆಗಳು ನನ್ನನ್ನು ನಾನಾ ಬಗೆಯ ಸೂರುಗಳ ಕೆಳಗೆ ವಾಸ ಮಾಡಿಸಿದವು. ಚನ್ನಗಿರಿಯಲ್ಲಿ ಅಡಿಕೆ ತೋಟದ ಮಗ್ಗುಲಿಗಿದ್ದ ಹೆಂಚಿನ ಮನೆಯು, ಬಿಸಿಗಾಳಿಯು ಮೇಲೇರಿ ಹೆಂಚಿನ ಸಂದುಗಳಿಂದ ಹೊರಟುಹೋಗುತ್ತಿದ್ದುದರಿಂದ, ಹೊತ್ತು ಮುಳುಗಿದ ಕೆಲವು ಗಳಿಗೆಗಳಲ್ಲಿಯೇ ತಣ್ಣಗಾಗುತ್ತಿತ್ತು. ನ್ಯಾಮತಿಯು ಇನ್ನೂ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಕಾಲದಲ್ಲಿ ಅಲ್ಲಿ ತಗಡಿನ ಬಾಡಿಗೆ ಕೊಠಡಿಯೊಂದರಲ್ಲಿ ಎರಡು ಬೇಸಿಗೆಗಳನ್ನು ಕಳೆದೆನು. ಮೊದಲನೆಯ ಬೇಸಿಗೆಯನ್ನು ನೆನೆಯಲಾರೆ. ಎರಡನೆಯದರಲ್ಲಿ ಮನೆಯೊಡತಿಯು ತೋಟದಿಂದ ಅಡಿಕೆ ಸೋಗೆಯನ್ನು ತರಿಸಿ ತಗಡಿನ ಮೇಲೆ ದಟ್ಟವಾಗಿ ಹೊದಿಸಿ ಕಲ್ಲು ಹೇರಿಸಿದರು. ಅದೇ ಕೊಠಡಿಯಲ್ಲಿ ಮಧ್ಯಾಹ್ನ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುವುದು ಸಾಧ್ಯವಾಯಿತು.

ಇಷ್ಟನ್ನೆಲ್ಲ ಕಂಡವನು ಹೊನ್ನಾಳಿಯಲ್ಲಿ ಸ್ವಂತ ಮನೆ ಕಟ್ಟಿಸುವಾಗ ಕಲಿತುದನ್ನು ಮರೆತೆನು. ಆರ್‌ಸಿಸಿ ತಾರಸಿ ಹಾಕಿಸಿದುದು ತಪ್ಪಲ್ಲ. ಕೆಲವು ವರ್ಷಗಳ ಮೇಲೆ ಅದು ಸೋರತೊಡಗಿದಾಗ, ಒಬ್ಬ ಗುತ್ತಿಗೆದಾರರ ಮಾತಿಗೆ ಒಪ್ಪಿ ಅದರ ಮೇಲೆ ಡಾಂಬರಿನ ಕಪ್ಪು ಲೇಪವನ್ನು ಬಳಿಸಿದುದು ತಪ್ಪು. ಸೋರುವುದೇನೋ ನಿಂತಿತು. ಆದರೆ ಕಪ್ಪು ಮೇಲ್ಮೈಯು ಬಿಸಿಲನ್ನು ಹೀರುವುದು, ಕೆಳಗಿನ ಕಾಂಕ್ರೀಟು ಆ ಕಾವನ್ನು ಹಗಲೆಲ್ಲ ತುಂಬಿಕೊಂಡು ರಾತ್ರಿಯೆಲ್ಲ ಒಳಗಿನವರ ಮೇಲೆ ಸುರಿಯುವುದು. 2024ರ ಬೇಸಿಗೆಯಲ್ಲಿ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿದ್ದ ರಾತ್ರಿಗಳಲ್ಲಿಯೂ ನಮ್ಮ ಮಲಗುವ ಕೋಣೆಯ ಗೋಡೆಗಳು ಮುಟ್ಟಿದರೆ ಬೆಚ್ಚಗಿರುತ್ತಿದ್ದವು.

ಆ ವರ್ಷ ಊರಿಗೆ ಬಂದಿದ್ದ ಮಗನು, “ಅಪ್ಪಾಜಿ, ಒಂದು ಎಸಿ ಹಾಕಿಸಿಬಿಡೋಣ, ಕರೆಂಟು ಹೇಗೂ ಫ್ರೀ ತಾನೇ” ಎಂದನು. ಅವನ ಕಳಕಳಿ ದೊಡ್ಡದು. ಆದರೆ ಲೆಕ್ಕ ಸರಿಯಾದುದಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯು 200 ಯೂನಿಟ್ಟುಗಳನ್ನು ಎಲ್ಲರಿಗೂ ಹಾಗೆಯೇ ಕೊಡುವುದಿಲ್ಲ. 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ಪ್ರತಿ ಮನೆಯ ಹಕ್ಕನ್ನು ಗೊತ್ತುಪಡಿಸಿದರು. ಹಕ್ಕನ್ನು ಮೀರಿದಷ್ಟಕ್ಕೆ ಹಣ ತೆರಬೇಕು. 200ನ್ನೇ ದಾಟಿದ ತಿಂಗಳಿನಲ್ಲಿ ಪೂರ್ತಿ ಬಿಲ್ಲನ್ನು ಕಟ್ಟಬೇಕು. ನಮ್ಮ ಸರಾಸರಿ 118. ಹಕ್ಕು ಸುಮಾರು 130. ಆ ಏಪ್ರಿಲ್ಲಿನಲ್ಲಿ ಬಳಸಿದುದು 165. ಹೆಚ್ಚಿನ 35 ಯೂನಿಟ್ಟಿಗೆ, ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ, 210 ರೂಪಾಯಿ. ಒಂದೂವರೆ ಟನ್ನಿನ ಎಸಿಯು ಗಂಟೆಗೆ ಒಂದೇ ಯೂನಿಟ್ಟು ನುಂಗುವುದೆಂದು ಉದಾರವಾಗಿ ಎಣಿಸಿ, ರಾತ್ರಿ ಎಂಟು ಗಂಟೆ ನಡೆಸಿದರೆ, ತಿಂಗಳಿಗೆ 240 ಯೂನಿಟ್ಟು. ಹಿಂದಿನ 165 ಸೇರಿ 405. ಬಿಲ್ಲು 2,430 ರೂಪಾಯಿ. ಯಂತ್ರದ ಬೆಲೆ ಬೇರೆ. ಉಚಿತವೆಂಬ ನೆಚ್ಚಿಕೆಯಿಂದ ಕೊಂಡ ವಸ್ತುವೇ ಉಚಿತವನ್ನು ಕಳೆಯುವುದು.

ಎಸಿಯನ್ನು ನಾನು ನಿಂದಿಸುವುದಿಲ್ಲ. ರೋಗಿಗಳಿಗೆ, ವೃದ್ಧರಿಗೆ, ಹಸುಗೂಸುಗಳಿಗೆ ಅದು ಅವಶ್ಯವಾಗಬಹುದು. ಹಾಕಿಸಿದವರು 24 ಡಿಗ್ರಿಗಿಂತ ಕೆಳಗೆ ಇಳಿಸದಿದ್ದರೆ ಸಾಕು, ಡಿಗ್ರಿಯೊಂದನ್ನು ಏರಿಸಿದರೆ ವಿದ್ಯುತ್ತು ಶೇಕಡ 6ರಷ್ಟು ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಆದರೆ ಮೊದಲ ರೂಪಾಯಿಯು ಸೂರಿಗೆ ಸಲ್ಲತಕ್ಕದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

2025ರ ಶಿವರಾತ್ರಿ ಕಳೆದ ಮೇಲೆ ಮೇಸ್ತ್ರಿಯೊಬ್ಬರನ್ನು ಕರೆಸಿ ತಾರಸಿಯನ್ನು ಉಜ್ಜಿಸಿ ತೊಳೆಸಿದೆನು. ಡಾಂಬರಿನ ಮೇಲೆ ಸುಣ್ಣ ಹಿಡಿಯದೆಂದು ಅವರು ಹೇಳಿದುದರಿಂದ, ಅದರ ಮೇಲೆ ತೆಳುವಾದ ಸಿಮೆಂಟಿನ ಗಾರೆಯನ್ನು ಮಾಡಿಸಿ, ಅದು ಒಣಗಿ ಗಟ್ಟಿಯಾದ ಬಳಿಕ, ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಎಂಬಂತೆ ಮೂರು ಸಲ ಬಳಿಸಿದೆವು. ಗಾರೆಯ ಖರ್ಚು ಒಮ್ಮೆ ಮಾತ್ರ. ಸುಣ್ಣಕ್ಕೆ ಕೂಲಿಯೂ ಸೇರಿ 2,500 ರೂಪಾಯಿ. ಮಳೆಯು ಅದನ್ನು ತೊಳೆದುಬಿಡುವುದರಿಂದ ವರ್ಷವರ್ಷವೂ ಬಳಿಸಬೇಕು. ತಂದೆಯವರ ಪುಸ್ತಕದ ಮಣ್ಣಿನ ಬಾಬತ್ತು ನನ್ನ ಪುಸ್ತಕಕ್ಕೆ ಸುಣ್ಣವಾಗಿ ಮರಳಿ ಬಂದಿತು. ನಡುಹಗಲಿನಲ್ಲಿ ಬರಿಗಾಲಿನಲ್ಲಿ ತಾರಸಿಯ ಮೇಲೆ ನಿಲ್ಲಬಲ್ಲೆನಾದ ದಿನ ನನಗಾದ ಸಂತೋಷವನ್ನು ಹೇಳಲಾರೆ.

ಜೊತೆಗೆ, ದಿನಕ್ಕೆ ಹನ್ನೆರಡು ಗಂಟೆ ತಿರುಗುತ್ತಿದ್ದ 75 ವಾಟಿನ ಎರಡು ಹಳೆಯ ಫ್ಯಾನುಗಳನ್ನು ತೆಗೆದು 30 ವಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿಸಿದೆನು. ಒಂದೊಂದಕ್ಕೆ ತಿಂಗಳಿಗೆ 16 ಯೂನಿಟ್ಟು ಉಳಿತಾಯ. ಆ ಏಪ್ರಿಲ್ಲಿನ ಬಿಲ್ಲು 131 ಯೂನಿಟ್ಟು; ತೆತ್ತುದು ಒಂದು ಯೂನಿಟ್ಟಿನ ಹಣ. ಹಕ್ಕಿನೊಳಗೆಯೇ ಇರುವ ಮನೆಗಳಿಗೆ ಇಂಥ ಫ್ಯಾನಿನಿಂದ ಈಗ ಕೈಗೆ ಕಾಸು ಬಾರದೆಂಬುದನ್ನೂ ಹೇಳಬೇಕು. ಸುಣ್ಣದಿಂದಾದರೋ ಅವರಿಗೂ ನಿದ್ರೆ ಬರುವುದು. ತಗಡಿನ ಸೂರಿನ ಕೆಳಗೆ ಕೂಸುಗಳನ್ನು ಮಲಗಿಸುವ ತಾಯಂದಿರನ್ನು ನೆನೆದಾಗ, ಮನೆ ಕಟ್ಟಲು ಸಹಾಯಧನ ಕೊಡುವ ಸರ್ಕಾರವು ಸೂರಿನ ಸುಣ್ಣಕ್ಕೂ ನಾಲ್ಕು ಕಾಸನ್ನು ಸೇರಿಸಬಾರದೇ ಎಂದು ನನ್ನ ಮನಸ್ಸು ಕೇಳುತ್ತದೆ. ನೆರೆಯ ತೆಲಂಗಾಣವು 2023ರಲ್ಲಿಯೇ ತಂಪು ಸೂರುಗಳಿಗಾಗಿ ಒಂದು ನೀತಿಯನ್ನು ಹೊರಡಿಸಿತು.

ಜಗಳೂರಿನ ಮಾಳಿಗೆ ಮನೆಯಲ್ಲಿ ಈಗ ನನ್ನ ತಂಗಿಯಿದ್ದಾಳೆ. ತೊಲೆಗಳಿಗೆ ಗೆದ್ದಲು ಹಿಡಿದಿದೆ, ಕೆಡವಿ ಆರ್‌ಸಿಸಿ ಹಾಕಿಸುತ್ತೇನೆ ಅಣ್ಣಾ ಎಂದು ಕಳೆದ ವಾರ ಫೋನು ಮಾಡಿದ್ದಳು. ಕೆಟ್ಟಿರುವುದು ಎರಡು ತೊಲೆಗಳೋ ಎಲ್ಲವೋ ನೋಡಿದ ಹೊರತು ತಿಳಿಯದು. ಮೇಸ್ತ್ರಿಯವರನ್ನು ಜೊತೆಗೆ ಕರೆದುಕೊಂಡು ಭಾನುವಾರದ ಬಸ್ಸಿಗೆ ಹೊರಡುವವನಿದ್ದೇನೆ.